ಎಡಗಡೆಯ ದನಿ

ಜೂನ್ 28, ಶನಿವಾರ

ಹೆಡ್‌ಫೋನ್ ಬಂತು, ಹೇಮಂತ್ ನಿಜವಾಗಲೂ ಕೊಡಿಸಿಯೇಬಿಟ್ಟ, ಅದೂ ನಾನು ನಿಶ್ಚಿತಾರ್ಥದ ದಿನದಿಂದ ಫೋನಿನಲ್ಲಿ ನೋಡಿ ನೋಡಿ ಆಸೆಪಡುತ್ತಿದ್ದ ಗಾಢ ನೀಲಿ ಬಣ್ಣದ್ದನ್ನೇ. ಬೆಲೆ ಕೇಳಬೇಡ ಅಂದಿದ್ದಾನೆ. ಕೇಳಲಿಲ್ಲ. ಮಳವಳ್ಳಿಯಲ್ಲಿ ದೊಡ್ಡಮ್ಮನ ಮಗ ಸಿದ್ದರಾಮಣ್ಣನ ಮೊಬೈಲ್ ಅಂಗಡಿ ಇದೆಯಲ್ಲ, ಅವನ ಮೂಲಕ ತರಿಸಿದ್ದಾನೆ. ಸಿದ್ದರಾಮಣ್ಣ ಅದನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದ, ಅಪ್ಪ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಕಾದು ಇಸಕೊಂಡು ಬಂದರು. ಒಳಗೇನಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಸ್ವೀಟ್ ಡಬ್ಬ ಅಂದುಕೊಂಡು ಅಡುಗೆಮನೆಗೆ ತೆಗೆದುಕೊಂಡು ಹೋಗಿದ್ದರು.

ಮದುವೆಯಾಗಿ ಎರಡು ತಿಂಗಳೂ ತುಂಬಿಲ್ಲ, ಆಷಾಢ ಬಂತು ಅಂತ ನನ್ನನ್ನು ಮಂಡ್ಯದ ಅತ್ತೆ ಮನೆಯಿಂದ ಇಲ್ಲಿಗೆ, ಮದ್ದೂರಿನ ಅಮ್ಮನ ಮನೆಗೆ ಕಳಿಸಿದ್ದಾರೆ. ಈ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ತುಳಿಯಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು. ಫೋನಿನಲ್ಲಿ ಮಾತಾಡಬಹುದು, ಅದಕ್ಕೆ ಶಾಸ್ತ್ರ ಇಲ್ಲ ಅಂತ ಅತ್ತೆಯೇ ತೀರ್ಮಾನಿಸಿದ್ದಾರೆ. ಹೇಮಂತನೂ ಊರಲ್ಲಿಲ್ಲ. ಬ್ಯಾಂಕಿನವರು ಟ್ರೈನಿಂಗ್ ಅಂತ ಧಾರವಾಡಕ್ಕೆ ಕಳಿಸಿದ್ದಾರೆ. ಅವನನ್ನು ಬಿಟ್ಟು ಹೇಗಿರಲಿ ಅಂತ ಹೊರಡುವ ದಿನ ನಾನು ಅತ್ತ ಅಳುವಿಗೆ ಈ ಹೆಡ್‌ಫೋನು. ಚೆನ್ನಾಗಿ ಕೇಳಿ ನೋಡು, ಚೂರು ಕೊರತೆ ಇದ್ದರೂ ಹೇಳು, ಬದಲಾಯಿಸೋಣ ಅಂದಿದ್ದಾನೆ.

ಮಧ್ಯಾಹ್ನದಿಂದ ಕೇಳುತ್ತಲೇ ಇದ್ದೇನೆ. ವೀಣೆಯ ತಂತಿ ಮೀಟಿದ ಮೇಲೆ ಬೆರಳು ಸರಿಯುವ ಸಣ್ಣ ಕಿರ್ರೂ ಕೇಳುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ. ಕೊನೆಗೆ, ಚಪ್ಪರದ ದಿನ ಹೇಮಂತ್ ತನ್ನ ಫೋನಿನಲ್ಲಿ ಹಿಡಿದಿದ್ದ ಸೋಬಾನೆ ಪದ ಹಾಕಿದೆ. ಅದರಲ್ಲಿ ಅತ್ತೆ ಎಡಗಡೆ ನಿಂತು ಹೇಳಿಕೊಡುತ್ತಾರೆ, ಬಲಗಡೆಯಿಂದ ಉಳಿದ ಹೆಂಗಸರು ಎತ್ತಿಕೊಳ್ಳುತ್ತಾರೆ. ಎಷ್ಟು ಸ್ಪಷ್ಟ ಅಂದರೆ, ಅತ್ತೆ ನನ್ನ ಎಡಭುಜದ ಪಕ್ಕದಲ್ಲೇ ನಿಂತ ಹಾಗಾಗಿ, ಮಂಚದ ಮೇಲೆ ಕಾಲು ಚಾಚಿಕೊಂಡಿದ್ದವಳು ಎದ್ದು ಕಾಲು ಮಡಚಿ ಕೂತೆ.

ಅತ್ತೆ ಅಂದರೆ ನನಗೆ ಇನ್ನೂ ಹಾಗೇ.

ಜೂನ್ 29, ಭಾನುವಾರ

ಇವತ್ತು ಶಿಸ್ತಾಗಿ ಪರೀಕ್ಷೆ. ಹೇಮಂತನಿಗೆ ವರದಿ ಒಪ್ಪಿಸಬೇಕಲ್ಲ.

ಜುಮುಕಿ ಹಾಕಿಕೊಂಡು ಇದನ್ನು ಹಾಕಲು ಆಗುವುದಿಲ್ಲ, ಕಿವಿಯ ಮೇಲಿನ ಮೆತ್ತೆ ಒತ್ತಿ ಜುಮುಕಿಯ ತುದಿ ಕುತ್ತಿಗೆಗೆ ಚುಚ್ಚುತ್ತದೆ. ಬಿಚ್ಚಿಟ್ಟರೆ ಅಮ್ಮ ಬಿಡುವುದಿಲ್ಲ. ಹೊಸ ಮದುಮಗಳು ಬರಿಗಿವಿಯಲ್ಲಿ ಇರುತ್ತಾಳಾ, ಯಾರಾದರೂ ಬಂದರೆ ಏನಂತಾರೆ ಅನ್ನುತ್ತಾಳೆ. ಕೊನೆಗೆ ಚಿಕ್ಕ ಓಲೆಯಲ್ಲಿ ರಾಜಿಯಾಯಿತು. ಮಲ್ಲಿಗೆ ಮುಡಿದರೆ ಮೇಲಿನ ಪಟ್ಟಿ ಹೂವನ್ನು ಜಜ್ಜಿಬಿಡುತ್ತದೆ. ಇದನ್ನು ಮಾಡಿದವರ ಮನೆಯಲ್ಲಿ ಯಾರೂ ಹೂ ಮುಡಿಯುವುದಿಲ್ಲ ಅಂತ ಕಾಣುತ್ತದೆ. ಭಾರ ಗೊತ್ತಾಗುವುದಿಲ್ಲ. ಸೆಕೆಗೆ ಕಿವಿ ಸ್ವಲ್ಪ ಬೆವರುತ್ತದೆ. ಬೇಸ್ ಎದೆಗೆ ಬಂದು ತಾಕುತ್ತದೆ, ಆದರೆ ಹಾಡುವವರ ದನಿಯನ್ನು ನುಂಗುವುದಿಲ್ಲ.

ಹೊರಗಿನ ಸದ್ದು ತಡೆಯುವ ಗುಂಡಿ ಒತ್ತಿದರೆ ಮಾತ್ರ ಮಾಯೆ. ಎಳನೀರು ಮಾರ್ಕೆಟ್ಟಿಗೆ ಹೋಗುವ ಲಾರಿಗಳು ನಮ್ಮ ಬೀದಿಯಲ್ಲೇ ಗೇರ್ ಬದಲಾಯಿಸುತ್ತವೆ, ಒಂದೂ ಕೇಳಲಿಲ್ಲ. ರೈಲು ಹೋದದ್ದು ಕಿಟಕಿಯ ಗಾಜು ನಡುಗಿದ್ದರಿಂದ ಗೊತ್ತಾಯಿತು. ಅಮ್ಮ ಕುಕ್ಕರ್ ಕೂಗು ಎಣಿಸು ಅಂತ ಹೇಳಿ ಹಿತ್ತಲಿಗೆ ಹೋಗಿದ್ದಳು, ಬೇಳೆ ತಳ ಹಿಡಿಯಿತು. ಸ್ಕೂಲಿನಲ್ಲಿ ತನ್ನ ಎರಡನೇ ಕ್ಲಾಸಿನ ಮಕ್ಕಳನ್ನು ಬೈಯುವ ದನಿಯಲ್ಲಿ ಅಮ್ಮ ಬೈದಳು. ಅದೂ ಸರಿಯಾಗಿ ಕೇಳಲಿಲ್ಲ, ಬಾಯಿ ಮಾತ್ರ ಕಂಡಿತು. ಗುಂಡಿ ತೆಗೆಯಲಿಲ್ಲ.

ಹೇಮಂತನಿಗೆ ಹತ್ತಕ್ಕೆ ಹತ್ತು ಅಂತ ಬರೆದು ಕಳಿಸಿದೆ. ಅವನು ನನಗಾ ಹೆಡ್‌ಫೋನಿಗಾ ಅಂತ ಕೇಳಿದ. ಉತ್ತರ ಇಲ್ಲಿ ಬರೆಯುವುದಿಲ್ಲ.

ಜುಲೈ 2, ಬುಧವಾರ

ಕೆಟ್ಟಿದೆ. ಇಷ್ಟು ದುಬಾರಿ ವಸ್ತು ಒಂದು ವಾರ ಬಾಳಲಿಲ್ಲ.

ನಿನ್ನೆ ಸಂಜೆಯಿಂದ ಎಡಗಡೆ ಮಂಕು. ಬಲಗಡೆ ಎಂದಿನ ಹಾಗೆ ಫಳಫಳ ಅನ್ನುತ್ತದೆ, ಎಡಗಡೆ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಮೆತ್ತೆ ಬಿಚ್ಚಿ ಹತ್ತಿಯಿಂದ ಒರೆಸಿದೆ. ಪೂರ್ತಿ ಚಾರ್ಜ್ ಮಾಡಿದೆ. ಅಮ್ಮನ ಫೋನಿಗೆ ಜೋಡಿಸಿ ನೋಡಿದೆ. ಅದೇ. ಸೋಬಾನೆ ಪದದಲ್ಲಿ ಹೆಂಗಸರೆಲ್ಲ ಇದ್ದಾರೆ, ಅತ್ತೆ ಇಲ್ಲ. ಯಾರೋ ದೂರದ ಮನೆಯಲ್ಲಿ ಏನೋ ಹೇಳಿಕೊಟ್ಟ ಹಾಗೆ, ಇವರು ಅದಕ್ಕೆ ಉತ್ತರ ಕೊಟ್ಟ ಹಾಗೆ ಕೇಳುತ್ತದೆ.

ಇನ್ನೊಂದು ತೊಂದರೆ, ಅದನ್ನು ತೆಗೆದಿಟ್ಟ ಮೇಲೂ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಉಳಿಯುತ್ತದೆ. ಹೊರಗಿನ ಸದ್ದು ತಡೆಯುವ ಯಂತ್ರ ಇರುತ್ತದಲ್ಲ, ಅದರ ಪರಿಣಾಮ ಇರಬೇಕು. ಇದನ್ನೂ ವರದಿಯಲ್ಲಿ ಸೇರಿಸಬೇಕು.

ಅಮ್ಮ ಸ್ಕೂಲಿನಿಂದ ಬಂದಾಗಿನಿಂದ ಬೈಯುತ್ತಲೇ ಇದ್ದಾಳೆ. ಕರೆದರೆ ಓಗೊಡುವುದಿಲ್ಲವಂತೆ. ನಾನು ಹೆಡ್‌ಫೋನ್ ಹಾಕಿಕೊಂಡೇ ಇರಲಿಲ್ಲ. ಅವಳ ದನಿ ಈಗೀಗ ಚಿಕ್ಕದಾಗಿದೆ, ಅದು ಅವಳಿಗೆ ಗೊತ್ತಿಲ್ಲ.

ಜುಲೈ 3, ಗುರುವಾರ

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ತಲೆ ಗಿರ್ರೆಂದು ತಿರುಗಿ ಗೋಡೆ ಹಿಡಿದುಕೊಂಡೆ. ಅಮ್ಮ ನೋಡಿ ಒಂಥರಾ ನಕ್ಕು, ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದು, ಮಾವಿನಕಾಯಿ ತರಿಸಲಾ ಅಂದಳು. ಅವಳು ಅಂದುಕೊಂಡದ್ದು ಏನೂ ಅಲ್ಲ ಅಂತ ಹೇಳಿದೆ. ನಂಬಲಿಲ್ಲ.

ಕೂತರೆ ನಿಲ್ಲಬೇಕು ಅನ್ನಿಸುತ್ತದೆ, ನಿಂತರೆ ಕೂರಬೇಕು ಅನ್ನಿಸುತ್ತದೆ.

ಜುಲೈ 5, ಶನಿವಾರ

ಅಪ್ಪನಿಗೆ ರಜೆ ಇತ್ತು, ಇಬ್ಬರೂ ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ ಹೆಡ್‌ಫೋನ್ ಬದಲಾಯಿಸಿಕೊಂಡು ಬಂದೆವು.

ಸಿದ್ದರಾಮಣ್ಣ ತನ್ನ ತಲೆಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಒಂದು ಇಡೀ ಹಾಡು ಕೇಳಿದ. ಎರಡು ಕಡೆಯೂ ಸರಿಯಾಗಿದೆ ಅಂದ. ನನಗೆ ಕೋಪ ಬಂತು. ನಿನ್ನ ಅಂಗಡಿಯಲ್ಲಿ ದಿನಪೂರ್ತಿ ಸ್ಪೀಕರ್ ಕಿರುಚುತ್ತಿರುತ್ತದೆ, ನಿನಗೇನು ಗೊತ್ತಾಗುತ್ತದೆ ಅಂದೆ.

"ಆಯ್ತು ಕಣಮ್ಮ, ನಿನ್ ಕಿವಿನೇ ಕಿವಿ," ಅಂದ. "ಬ್ಯಾರೆ ಪೀಸ್ ತಕ್ಕೊಂಡು ಓಗು. ಅದ್ನೂ ಸರಿಯಿಲ್ಲ ಅಂದ್ರೆ ನಿನ್ ಗಂಡನ್ನೇ ಬದಲಾಯ್ಸು, ಅದಕ್ಕೆ ನಾನು ಗ್ಯಾರಂಟಿ ಕೊಡಕಿಲ್ಲ."

ಅಪ್ಪ ಕೂಡ ನಕ್ಕರು. ಹೊಸ ಡಬ್ಬ ತೆಗೆದುಕೊಂಡು ಅವರ ಮನೆಗೆ ಊಟಕ್ಕೆ ಹೋದೆವು. ಅಲ್ಲಿ ಅತ್ತಿಗೆ ನನ್ನ ಪಕ್ಕದಲ್ಲೇ ಕೂತು ಏನೇನೋ ಕೇಳಿದಳಂತೆ, ನಾನು ಸಾರಿನ ಕಡೆ ನೋಡುತ್ತಾ ಕೂತಿದ್ದೆನಂತೆ. ಮಂಡ್ಯದ ಸೊಸೆಯಾದ ಮೇಲೆ ಜಂಬ ಬಂದಿದೆ ಅಂತ ಒಳಗೆ ಹೇಳಿದ್ದು ಅಪ್ಪನ ಕಿವಿಗೆ ಬಿತ್ತು. ಬಸ್ಸಿನಲ್ಲಿ ಅಪ್ಪ, ಯಾಕಮ್ಮ ಮಾತಾಡಲಿಲ್ಲ ಅಂತ ಕೇಳಿದರು. ಅತ್ತಿಗೆ ಮಾತಾಡಿದ್ದೇ ನನಗೆ ಗೊತ್ತಿಲ್ಲ ಅಂದೆ. ಅಪ್ಪ ಕಿಟಕಿಯ ಪಕ್ಕ ಬಿಟ್ಟುಕೊಟ್ಟು, ನನ್ನ ಇನ್ನೊಂದು ಕಡೆ ಬಂದು ಕೂತರು. ಆಮೇಲೆ ಅವರು ಹೇಳಿದ್ದೆಲ್ಲ ಕೇಳಿಸಿತು.

ಹೊಸ ಪೀಸ್ ಈಗ ಚಾರ್ಜಿಗೆ ಹಾಕಿದ್ದೇನೆ. ನಾಳೆ ಕೇಳುತ್ತೇನೆ. ಈಗ ಯಾಕೋ ಬೇಡ.

ಜುಲೈ 6, ಭಾನುವಾರ

ಹೊಸದರಲ್ಲೂ ಎಡಗಡೆ ಮಂಕು.

ಹೇಮಂತನಿಗೆ ಫೋನ್ ಮಾಡಿ ಕಂಪನಿಯನ್ನೇ ಬೈದೆ. ಅವನು ತಾಳ್ಮೆಯಿಂದ ಕೇಳಿ, ಒಂದು ಸಲ ಉಲ್ಟಾ ಹಾಕಿಕೊಂಡು ನೋಡು ಅಂದ. ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ಮಂಕು ಬಲಗಡೆಗೆ ಹೋದರೆ ತಪ್ಪು ಹೆಡ್‌ಫೋನಿನದು.

ಉಲ್ಟಾ ಹಾಕಿಕೊಂಡೆ. ಆಗಲೂ ಎಡಗಡೆಯೇ.

ಅತ್ತೆಯ ದನಿ ಬಲಗಡೆಗೆ ಬಂದು ಸ್ಪಷ್ಟವಾಗಿ ಹೇಳಿಕೊಡುತ್ತಿತ್ತು. ಉಳಿದ ಹೆಂಗಸರೆಲ್ಲ ಮುಳುಗಿಹೋಗಿದ್ದರು.

ಏನಾಯಿತು ಅಂತ ಹೇಮಂತ್ ಕೇಳಿದ. ಸರಿಹೋಯಿತು, ನಾನೇ ಸರಿಯಾಗಿ ಹಾಕಿಕೊಂಡಿರಲಿಲ್ಲ ಅಂದೆ. ಅವನಿಗೆ ಹೇಳಿದ ಮೊದಲ ಸುಳ್ಳು. ಅವನು ಎಷ್ಟು ಖುಷಿಪಟ್ಟ.

ಜುಲೈ 7, ಸೋಮವಾರ

ಬಲಗಿವಿಗೆ ಬೆರಳು ಇಟ್ಟುಕೊಂಡರೆ ಪ್ರಪಂಚ ಇಲ್ಲ. ಬೆಳಗಿನಿಂದ ಎಷ್ಟು ಸಲ ಹಾಗೆ ಮಾಡಿ ನೋಡಿದೆನೋ. ಗಡಿಯಾರದ ಕೆಳಗೆ, ನಲ್ಲಿಯ ಪಕ್ಕ, ರೈಲು ಬಂದಾಗ ಹಿತ್ತಲಲ್ಲಿ. ಬೆರಳು ತೆಗೆಯುತ್ತೇನೆ, ಇಡುತ್ತೇನೆ.

ಅಮ್ಮ ಸ್ಕೂಲಿನಿಂದ ಬಂದ ಮೇಲೆ ಹೇಳಿದೆ. ಅವಳು ಕೈಯಲ್ಲಿದ್ದ ಬ್ಯಾಗ್ ಕೆಳಗಿಡದೆ ನಿಂತೇ ಕೇಳಿದಳು. ಆಮೇಲೆ ಬೆಳ್ಳುಳ್ಳಿ ಜಜ್ಜಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಳು, ಶೀತ ಇರುತ್ತದೆ ಅಂದಳು, ಮುತ್ತತ್ತಿ ಆಂಜನೇಯನಿಗೆ ಹರಕೆ ಹೊತ್ತಳು. ಇಷ್ಟೆಲ್ಲ ಮುಗಿದ ಮೇಲೆ ನನ್ನ ಬಲಗಡೆಗೆ ಬಂದು, ಮೆಲ್ಲಗೆ, ಮಂಡ್ಯಕ್ಕೆ ಹೇಳಬೇಡ, ಹೇಮಂತನಿಗೂ ಬೇಡ ಅಂದಳು.

ಅವಳ ಭಯ ನನಗೆ ಗೊತ್ತು. ನನ್ನನ್ನು ನೋಡಲು ಬಂದ ದಿನ ಅತ್ತೆ ಕಾಫಿ ಲೋಟ ಕೆಳಗಿಟ್ಟು ನೇರವಾಗಿ ಕೇಳಿದ್ದರು, ಹುಡುಗಿಗೆ ಕಾಯಿಲೆ ಕಸಾಲೆ ಏನಾದರೂ ಇದ್ದರೆ ಈಗಲೇ ಹೇಳಿಬಿಡಿ, ಆಮೇಲೆ ಮಾತು ಬರಬಾರದು ಅಂತ. ಅಮ್ಮ ನನ್ನ ಮಗಳಿಗೆ ಒಂದು ನೆಗಡಿಯೂ ಬಂದಿಲ್ಲ ಅಂದಿದ್ದಳು. ಅದನ್ನೇ ಈಗ ತಿರುಗಿಸಿ ಹೇಳುತ್ತಾಳೆ. ಕಿವುಡು ಹುಡುಗಿಯನ್ನು ಮುಚ್ಚಿಟ್ಟು ಕೊಟ್ಟರು ಅಂತಾರೆ, ಊರಿಗೆಲ್ಲ ಅದೇ ಮಾತಾಗುತ್ತದೆ.

ಕಿವುಡು ಅನ್ನುವ ಪದವನ್ನು ಮೊದಲು ಹೇಳಿದವಳು ಅಮ್ಮ. ಹೇಳಿದ ಮೇಲೆ ಅವಳೇ ಅತ್ತಳು.

ಜುಲೈ 9, ಬುಧವಾರ

ಅಪ್ಪನ ಹಟಕ್ಕೆ ಇಲ್ಲೇ ಪೇಟೆಯ ಕಿವಿ ಡಾಕ್ಟರ ಹತ್ತಿರ ಹೋದೆವು. ಪಕ್ಕದ ಮನೆಯವರಿಗೆ ಅಮ್ಮ ಬ್ಲೌಸ್ ಅಳತೆ ಕೊಡಲು ಅಂತ ಹೇಳಿದಳು.

ಡಾಕ್ಟರು ಕವೆಯ ಆಕಾರದ ಒಂದು ಉಕ್ಕಿನ ಸಲಾಕೆ ತಟ್ಟಿ ನನ್ನ ಹಣೆಯ ನಡುವೆ ಇಟ್ಟರು. ಸದ್ದು ಯಾವ ಕಡೆ ಬರುತ್ತಿದೆ ಅಂದರು. ಬಲಗಡೆ ಅಂದೆ. ಅವರು ಹೂಂ ಅಂದ ರೀತಿಯಲ್ಲೇ ಒಳ್ಳೆಯ ಸುದ್ದಿಯಲ್ಲ ಅಂತ ಗೊತ್ತಾಯಿತು. ಕಿವಿಯಲ್ಲಿ ಮೇಣ ಇಲ್ಲ, ಸೋಂಕಿಲ್ಲ, ಒಳಗಿನ ನರದ ತೊಂದರೆ, ಕೆಲವರಿಗೆ ಹೀಗೆ ಇದ್ದಕ್ಕಿದ್ದ ಹಾಗೆ ಬರುತ್ತದಂತೆ. ಹೆಡ್‌ಫೋನಿನಿಂದಲೇ ಆಯಿತಾ ಅಂತ ಕೇಳಿದೆ. ಜೋರಾಗಿ ಇಡುತ್ತಿದ್ದೆಯಾ ಅಂದರು. ಇಲ್ಲ ಅಂದೆ. ಹಾಗಿದ್ದರೆ ಅದರ ಮೇಲೆ ಯಾಕೆ ತಪ್ಪು ಹೊರಿಸುತ್ತೀಯ, ಅದಿಲ್ಲದಿದ್ದರೆ ನಿನಗೆ ಇನ್ನೂ ತಡವಾಗಿ ಗೊತ್ತಾಗುತ್ತಿತ್ತು ಅಂದರು.

ಮಾತ್ರೆ ಇವತ್ತಿನಿಂದಲೇ. ಅದು ಸಾಲದು, ಬೆಂಗಳೂರಿಗೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿ ಕಿವಿಯೊಳಗೇ ಇಂಜೆಕ್ಷನ್ ತೆಗೆದುಕೊಳ್ಳಬೇಕು, ಒಂದು ಸಲ ಅಲ್ಲ, ಹಲವು ಸಲ. ತಡ ಮಾಡಿದಷ್ಟೂ ಹೋದದ್ದು ವಾಪಸು ಬರುವುದು ಕಷ್ಟ ಅಂತ ಎರಡು ಸಲ ಹೇಳಿದರು, ಎರಡನೇ ಸಲ ಅಮ್ಮನ ಮುಖ ನೋಡಿಕೊಂಡು.

ಆಟೋದಲ್ಲಿ ಅಮ್ಮ ಭೀಮನ ಅಮಾವಾಸ್ಯೆ ಕಳೆಯಲಿ ಅಂದಳು. ಬೆಂಗಳೂರಿಗೆ ಓಡಾಡಿದರೆ ಮುಚ್ಚಿಡಲು ಆಗುವುದಿಲ್ಲ, ಬೆಳಗಿನ ರೈಲಿನಲ್ಲಿ ಅರ್ಧ ಮಂಡ್ಯ ಕೂತಿರುತ್ತದೆ, ಒಬ್ಬರ ಕಣ್ಣಿಗೆ ಬಿದ್ದರೂ ಸಂಜೆಗೆ ಅತ್ತೆಗೆ ಸುದ್ದಿ. ಮಾತ್ರೆ ನುಂಗುತ್ತಾ ಇರು, ಆಷಾಢ ಮುಗಿಸಿ ಗಂಡನ ಮನೆಗೆ ಹೋಗು, ಹೋದ ಮೇಲೆ ಅಲ್ಲಿ ಬಂತು ಅನ್ನೋಣ. ಆಗ ನಮ್ಮ ಮೇಲೆ ಮಾತು ಬರುವುದಿಲ್ಲ.

ಅಪ್ಪ ಅಮ್ಮನ ಕಡೆ ತಿರುಗಿ, ಕಿವಿ ಹೋಗುತ್ತೆ ಶೋಭಾ ಅಂದರು. ಅಮ್ಮ ಮನೆ ಉಳಿಯಲಿ ಅಂದಳು.

ಮನೆಗೆ ಬಂದು ಬೀರು ಖಾಲಿ ಮಾಡಿ ಸೀರೆಗಳನ್ನೆಲ್ಲ ಮತ್ತೆ ಮಡಿಸಿಟ್ಟೆ. ಆಮೇಲೆ ಇನ್ನೊಂದು ಸಲ.

ಜುಲೈ 10, ಗುರುವಾರ

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹುಣ್ಣಿಮೆ ಅಂತ ಅಮ್ಮ ರಜೆ ಹಾಕಿದ್ದಳು. ಮಧ್ಯಾಹ್ನ ಅತ್ತೆ ಫೋನ್ ಮಾಡಿದರು. ಕೊತ್ತತ್ತಿಯಲ್ಲಿರುವ ಅವರ ಗದ್ದೆಗೆ ಇನ್ನೂ ನಾಲೆ ನೀರು ಬಿಟ್ಟಿಲ್ಲ, ಹಲಸಿನ ಹಣ್ಣು ಬಂದಿದೆ, ನಾನಿಲ್ಲದೆ ತಿನ್ನುವವರಿಲ್ಲ, ಹೀಗೆ. ನಾನು ಹಾಲಿನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಾ ಮಾತಾಡುತ್ತಿದ್ದೆ. ಗುಂಯ್ ಅನ್ನುವ ಸದ್ದು ಜಾಸ್ತಿಯಿತ್ತು, ಬೀದಿಯಲ್ಲಿ ಲಾರಿ ಬೇರೆ. ಆಂ, ಏನಂದ್ರಿ ಅಂತ ಮತ್ತೆ ಮತ್ತೆ ಕೇಳುತ್ತಿದ್ದೆ ಅಂತ ಕಾಣುತ್ತದೆ. ಅತ್ತೆ ಹಲಸಿನ ಹಣ್ಣಿನ ಮಧ್ಯದಲ್ಲೇ ನಿಲ್ಲಿಸಿದರು.

"ಯಾಕವ್ವ, ಒಂದೊಂದ್ ಮಾತ್ನೂ ಎರಡೆರಡು ಸಲ ಏಳುಸ್ತಿದ್ದೀಯೆ? ಫೋನು ಸರಿಯಿಲ್ವೋ, ನೀನು ಸರಿಯಿಲ್ವೋ?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಫೋನಿನ ಕಡೆ ಕೈ ತೋರಿಸಿ ಆಡಿಸಿದಳು. ನೆಟ್‌ವರ್ಕ್ ಅನ್ನು, ನೆಟ್‌ವರ್ಕ್ ಅನ್ನು.

"ನಾನು ಸರಿಯಿಲ್ಲ ಅತ್ತೆ," ಅಂದೆ.

ಆಮೇಲೆ ಎಲ್ಲ ಹೇಳಿದೆ. ಹೆಡ್‌ಫೋನು, ಉಲ್ಟಾ ಹಾಕಿಕೊಂಡದ್ದು, ಡಾಕ್ಟರು, ಇಂಜೆಕ್ಷನ್ನು, ತಡವಾದರೆ ಬರುವುದಿಲ್ಲ ಅಂದದ್ದು. ಅಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆ ಕಡೆಯಿಂದ ಸದ್ದೇ ಇಲ್ಲ. ಅತ್ತೆ ಇಟ್ಟುಬಿಟ್ಟರೋ, ನನ್ನ ಬಲಗಿವಿಯೂ ಹೋಯಿತೋ ಗೊತ್ತಾಗದೆ ಅತ್ತೆ, ಅತ್ತೆ ಅಂದೆ.

"ಇವ್ನಿ ಕಣವ್ವ. ಏಮಂತಂಗೆ ಗೊತ್ತಾ?"

"ಇಲ್ಲ."

"ಮೇಷ್ಟ್ರಮ್ಮನ ಕೈಗೆ ಕೊಡು."

ಅಮ್ಮ ಕೈ ಚಾಚಲಿಲ್ಲ, ಅದಕ್ಕೆ ಸ್ಪೀಕರ್ ಹಾಕಿ ಅವಳ ಮುಂದೆ ನೆಲದ ಮೇಲೆ ಇಟ್ಟೆ. ಅಮ್ಮ ಶುರುಮಾಡಿದ್ದೇ ದೇವರಾಣೆ ಅಂತ. ನಾವು ಮುಚ್ಚಿಟ್ಟು ಕೊಡಲಿಲ್ಲ, ಮದುವೆಯ ಹೊತ್ತಿಗೆ ಏನೂ ಇರಲಿಲ್ಲ, ಬೇಕಾದರೆ ಡಾಕ್ಟರನ್ನೇ ಕೇಳಿ.

"ಮುಚ್ಚಿಟ್ ಕೊಟ್ರಿ ಅಂತ ನಾನೆಲ್ಲಿ ಅಂದೆ?" ಅಂದರು ಅತ್ತೆ. "ಈಗ ಮುಚ್ಚಿಡ್ತಾ ಇದ್ದೀರಲ್ಲ, ಅದಕ್ಕೆ ಬೈತಾ ಇರೋದು. ಕಿವಿ ಏನ್ ಪಂಚಾಂಗ ನೋಡ್ಕಂಡು ಕಾಯ್ತದಾ? ನಾಳೆ ಬೆಂಗ್ಳೂರ್ಗೆ ಓಗದು. ನಾನೂ ಬತ್ತೀನಿ."

ಅಮ್ಮನಿಗೆ ಗಾಬರಿ ಇನ್ನೊಂದು ದಿಕ್ಕಿಗೆ ತಿರುಗಿತು. ಆಷಾಢ, ನೀವು ಅವಳ ಮುಖ ನೋಡುವ ಹಾಗಿಲ್ಲ, ಒಂದೇ ಹೊಸ್ತಿಲು ತುಳಿಯುವ ಹಾಗಿಲ್ಲ, ಹೇಮಂತನಿಗೆ ಏನಾದರೂ ಕೆಡುಕಾದರೆ ಅಂತ ಒಂದೇ ಉಸಿರಿಗೆ ಹೇಳಿದಳು.

"ಒಸ್ಲು ತಾನೆ? ನಿಮ್ಮನೆಗೆ ನಾನು ಕಾಲಿಡಕಿಲ್ಲ, ಕಾಪಿನೂ ಕೇಳಕಿಲ್ಲ. ರೈಲ್ಗೆ ಯಾವ ಒಸ್ಲು ಅದೆ? ಆಸ್ಪತ್ರೆಗೆ ಯಾವ ಒಸ್ಲು ಅದೆ? ಮುಖ ನೋಡ್ಬಾರ್ದು ಅಂದ್ರೆ ಕಿವಿ ನೋಡ್ತೀನಿ, ಬುಡಿ."

ಅಮ್ಮನ ಬಾಯಿಂದ ಬಂದದ್ದು ನಗುವೋ ಅಳುವೋ, ಎರಡು ಕಿವಿ ಸರಿಯಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ರೈಲಿನಲ್ಲಿ ಮಂಡ್ಯದವರು ನೋಡುತ್ತಾರಲ್ಲ ಅಂತ ಕೊನೆಯದಾಗಿ ಮೆಲ್ಲಗೆ ಅಂದಳು. ನೋಡಲಿ, ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ, ಕದ್ದುಕೊಂಡು ಹೋಗುತ್ತಿಲ್ಲ ಅಂದರು ಅತ್ತೆ.

ಆಷಾಢದ ಒಂದು ಶುಕ್ರವಾರವನ್ನೂ ಅತ್ತೆ ತಪ್ಪಿಸಿದವರಲ್ಲ, ವರ್ಷಾವರ್ಷ ಮೈಸೂರಿಗೆ ಹೋಗಿ ಬೆಟ್ಟ ಹತ್ತಿ ಬರುತ್ತಾರೆ. ನಾಳೆ ಶುಕ್ರವಾರವಲ್ಲವಾ ಅತ್ತೆ, ಬೆಟ್ಟ ಅಂದೆ. ಬೆಟ್ಟ ಅಲ್ಲೇ ಇರುತ್ತದೆ ಅಂದರು. ಆಮೇಲೆ ಬೆಳಿಗ್ಗೆ ಏನಾದರೂ ತಿಂದು ಬಾ, ಮಾತ್ರೆ ಖಾಲಿ ಹೊಟ್ಟೆಗೆ ನುಂಗಬೇಡ ಅಂತ ಹೇಳಿ, ಎಂದಿನ ಹಾಗೆ ಇಡುತ್ತೀನಿ ಅಂತಲೂ ಹೇಳದೆ ಇಟ್ಟುಬಿಟ್ಟರು.

ಹೇಮಂತನಿಗೆ ನಾನೇ ಹೇಳಿದೆ. ಕಿವಿಯ ವಿಷಯಕ್ಕೆ ಅವನು ಸುಮ್ಮನೆ ಕೇಳಿಸಿಕೊಂಡ, ಸುಳ್ಳಿನ ವಿಷಯಕ್ಕೆ ಬೈದ, ಬೈದು ಮುಗಿಸಿ ಮತ್ತೆ ಫೋನ್ ಮಾಡಿ ರಜೆ ಕೇಳಿದ್ದೇನೆ ಅಂದ. ಸಿದ್ದರಾಮಣ್ಣ ಹೊಸ ಪೀಸ್ ಹೇಗಿದೆ, ಇಟ್ಟುಕೊಳ್ಳುತ್ತೀಯಾ ಅಂತ ಮೆಸೇಜ್ ಹಾಕಿದ್ದ. ಚೆನ್ನಾಗಿದೆ, ಮೊದಲನೆಯದೂ ಚೆನ್ನಾಗಿತ್ತು ಅಂತ ಬರೆದೆ.

ಡಾಕ್ಟರ ಚೀಟಿ, ಮಾತ್ರೆ, ನೀರಿನ ಬಾಟಲಿ ಬ್ಯಾಗಿನಲ್ಲಿವೆ. ಎರಡು ಸಲ ತೆಗೆದು ನೋಡಿದೆ. ಅಮ್ಮ ಅತ್ತೆಗೆ ಅಂತ ಚಿತ್ರಾನ್ನ ಕಟ್ಟುತ್ತಾಳಂತೆ, ನಮ್ಮನೆಯ ಊಟ ರೈಲಿನಲ್ಲಿ ತಿನ್ನಬಹುದೋ ಇಲ್ಲವೋ ಅಂತ ಅಪ್ಪನನ್ನು ಕೇಳುತ್ತಿದ್ದಾಳೆ. ಅಪ್ಪ ಟೈಮ್ ನೋಡಿ ಹೇಳಿದರು: ಅತ್ತೆ ಬರುವುದು ನಾಳೆ ಶುಕ್ರವಾರ, ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ಗೆ.